ಹೊತ್ತು ಮೀರಿದ ಮದ್ದು

ಪುಟ್ಟಲಿಂಗಮ್ಮನಿಗೆ ಒಬ್ಬನೇ ಮಗ, ಜವರ. ಆಳು ನೋಡಿದರೆ ಬಾಗಿಲು ತುಂಬ, ಬುದ್ಧಿ ಮಾತ್ರ ಹೇಳಿಕೊಟ್ಟಷ್ಟೇ. ಹೇಳಿದ್ದನ್ನೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. ಆ ತಾಯಿಯ ಸಂಕಟವೂ ಅದೇ. ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದ ಅವಳು, ತಾನು ಹೋದಮೇಲೆ ಇವನಿಗೆ ದಿಕ್ಕು ಯಾರು ಅಂದುಕೊಂಡು, ಅವರಿವರ ಕೈಕಾಲು ಹಿಡಿದು, ಔಷಧಿ ಕೋಣೆಯಿಂದ ವಾರ್ಡಿಗೆ ಮದ್ದು ಸಾಗಿಸುವ ಕೆಲಸಕ್ಕೆ ಅವನನ್ನು ಹಚ್ಚಿದಳು.

ಆ ಕೋಣೆಯ ಹಿಲ್ಡಾ ಮೇಡಂ ಪುಡಿಮದ್ದಿಗೆ ಶುದ್ಧನೀರು ಬೆರೆಸಿ, ಎಷ್ಟು ಹೊತ್ತಿನೊಳಗೆ ರೋಗಿಗೆ ಏರಿಸಬೇಕೆಂದು ಬಾಟಲಿಯ ಮೇಲೆ ಬರೆದು ಕೊಡುತ್ತಿದ್ದರು. ಸಿಸ್ಟರ್ ಕೈಗೇ ಕೊಡು ಅಂದರು. ಜವರ ಹೋದಾಗ ಸಿಸ್ಟರ್ ಇರಲಿಲ್ಲ. ಬಾಟಲಿ ಹಿಡಿದು ವರಾಂಡದ ಬಿಸಿಲಲ್ಲಿ ಕೂತ. ಅವರು ಬರುವ ಹೊತ್ತಿಗೆ ಮದ್ದು ಕಾದು ಕೆಟ್ಟಿತ್ತು.

ಹಿಲ್ಡಾ ಮೇಡಂ ಬೈದರು. ಬೆರೆಸಿದ ಮದ್ದನ್ನು ತಣ್ಣಗಿರುವ ಕಡೆ ಇಡಬೇಕು ಅಂದರು. ಜವರ ಮಾರನೆಯ ದಿನ ಎಲ್ಲಕ್ಕಿಂತ ತಣ್ಣಗಿರುವ ಜಾಗ ಹುಡುಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೂತಿಟ್ಟ. ಮದ್ದು ಕಲ್ಲಾಯಿತು. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು, ಎಲ್ಲೂ ಇಡಬೇಡ, ಕ್ರಿಮಿ ಸೋಕದ ಹಾಗೆ ಚೊಕ್ಕಟವಾಗಿ ಒಯ್ಯಿ ಅಂತ ಮತ್ತೆ ಬೈದರು. ಜವರ ದಾರಿಯಲ್ಲಿ ನಲ್ಲಿ ಕಂಡ. ಮುಚ್ಚಳ ಕಿತ್ತು, ಬಾಟಲಿಯ ಬಾಯನ್ನು ಸೋಪು ಹಚ್ಚಿ ತೊಳೆದ.

ಆವತ್ತು ಜ್ವರದಲ್ಲಿ ಬೇಯುತ್ತಿದ್ದ ಒಂದು ಕೂಸು ಹೊಸ ಮದ್ದು ಬರುವ ತನಕ ಕಾಯಬೇಕಾಯಿತು. ಪುಟ್ಟಲಿಂಗಮ್ಮ ಹಣೆ ಚಚ್ಚಿಕೊಂಡಳು. "ಮೇಡಂ, ಅವನಿಗೆ ಕೆಟ್ಟತನ ಗೊತ್ತಿಲ್ಲ. ನನ್ನ ಮುಖ ನೋಡಿ ಇಟ್ಕೊಳಿ," ಅಂದಳು.

ಹಿಲ್ಡಾ ಮೇಡಂ ಜವರನನ್ನು ಎದುರು ನಿಲ್ಲಿಸಿಕೊಂಡು ನಿಧಾನವಾಗಿ ಹೇಳಿದರು. "ಮುಚ್ಚಳ ಮುಟ್ಟಬೇಡ. ಹೊತ್ತು ಮೀರಿತು ಅಂತ ಯಾರಾದರೂ ಅಂದರೆ ವಾಪಸ್ ತಗೊಂಡು ಬಾ. ಹೊಸದು ಬೆರೆಸಿ ಕೊಡ್ತೀನಿ."

ಮಳೆಗಾಲ ಮುಗಿಯುವಾಗ ಪುಟ್ಟಲಿಂಗಮ್ಮನೇ ಮಲಗಿದಳು. ಕಾಲಿನ ಹುಣ್ಣಿನ ನಂಜು ರಕ್ತಕ್ಕೆ ಇಳಿದಿತ್ತು. ತಾಯಿಯ ಮದ್ದನ್ನು ಜವರನೇ ಒಯ್ಯುತ್ತಿದ್ದ. ಬಿಸಿಲಿಗೆ ಹಿಡಿಯಲಿಲ್ಲ, ಮಂಜಿನಲ್ಲಿ ಇಡಲಿಲ್ಲ, ಮುಚ್ಚಳ ಮುಟ್ಟಲಿಲ್ಲ. ಸಿಸ್ಟರ್ ಕೈಗೆ ಕೊಟ್ಟು ಮಂಚದ ಕಾಲ ಬಳಿ ನಿಲ್ಲುತ್ತಿದ್ದ. ಉಂಡೆಯಾ ಅಂತ ಅವಳು ಕೇಳಿದರೆ ಹೂಂ ಅನ್ನುತ್ತಿದ್ದ. ಅಷ್ಟು ದಿನದಲ್ಲಿ ಒಂದು ತಪ್ಪೂ ಆಗಲಿಲ್ಲ.

ಒಂದು ಮಧ್ಯಾಹ್ನ ಅವನು ಬಾಟಲಿ ತಂದಾಗ ಡಾಕ್ಟರು ಮಂಚದ ಪಕ್ಕ ನಿಂತಿದ್ದರು. ಸಿಸ್ಟರ್ ಕೈ ಚಾಚಿದರು. ಡಾಕ್ಟರು ತಲೆಯಾಡಿಸಿ, ಇನ್ನು ಬೇಡ, ಹೊತ್ತು ಮೀರಿತು ಅಂದರು.

ಜವರ ತಿರುಗಿ ಓಡಿದ.

ಹಿಲ್ಡಾ ಮೇಡಂ ಬಾಟಲಿ ತಿರುಗಿಸಿ ನೋಡಿದರು. ತಣ್ಣಗಿತ್ತು. ಮುಚ್ಚಳ ಭದ್ರವಾಗಿತ್ತು. ಬರೆದ ಹೊತ್ತು ನಾಳೆ ಬೆಳಗಿನವರೆಗೂ ಇತ್ತು.

"ಹೊತ್ತು ಮೀರಿತು ಅಂತ ಯಾರು ಹೇಳಿದ್ರು, ಜವರ?"

"ಡಾಕ್ಟರು. ಅವ್ವನ ಮುಖ ನೋಡ್ಕೊಂಡು ಹೇಳಿದ್ರು."

ಅವರ ಕೈ ಬಾಟಲಿಯ ಮೇಲೇ ನಿಂತುಬಿಟ್ಟಿತು. ಈ ಸಲ ಬೈಯಲಿಲ್ಲ. ಬೈಯದ್ದನ್ನು ಕಂಡು ಜವರನಿಗೆ ಧೈರ್ಯ ಬಂತು. ಏದುಸಿರು ಬಿಡುತ್ತಲೇ ಎರಡೂ ಕೈ ಮುಂದೆ ಚಾಚಿದ.

"ಬೇಗ ಹೊಸದು ಬೆರೆಸಿ ಕೊಡಿ ಮೇಡಂ. ಅವ್ವ ಕಾಯ್ತಾ ಇದ್ದಾಳೆ."