ಗಡಿಯಂತ್ರ ಮತ್ತು ಗುರುವನ ತಲೆ

"ಕೇಳ್ರಪ್ಪೋ ಕೇಳ್ರಿ! ಗಡಿಯಾಚೆ ಮದುವೆಯಾಗಿ ಹೋದ ರಾಜಕುಮಾರಿ ಚಂದಾಂಬೆಯ ಫೋನು ಮೂರು ತಿಂಗಳಿಂದ ಅರಮನೆಗೆ ಹತ್ತುತ್ತಿಲ್ಲ. ದೊರೆಯ ಮೂರು ಒಗಟು ಬಿಡಿಸಿ ದಾರಿ ತೆರೆದವನಿಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!"

ಡಂಗುರ ಕೇಳಿ ಬಂದವರಲ್ಲಿ ಕೊನೆಯವನು ಕೊಟ್ರ, ಕೇಬಲ್ಲಿಗೆ ಗುಂಡಿ ತೋಡುವವನು. ಅವನಿಗೆ ರಾಜ್ಯ ಬೇಕಿರಲಿಲ್ಲ. ದೇಶದಿಂದ ದೇಶಕ್ಕೆ ಫೋನು ದಾಟಿಸುವ ಗಡಿಯಂತ್ರ ನೋಡಿಕೊಳ್ಳುತ್ತಿದ್ದ ಅವನಣ್ಣ ಗುರುವನನ್ನು, ಫೋನು ಕೆಡಿಸಿದ ದ್ರೋಹಿಯೆಂದು ದೊರೆ ಹೋದ ವಾರ ಕಡಿಸಿದ್ದ. ತಲೆ ಕೋಟೆಬಾಗಿಲಲ್ಲಿ ತೂಗುತ್ತಿತ್ತು. ಅದನ್ನು ಮಣ್ಣು ಮಾಡುವ ತನಕ ಒಲೆ ಹಚ್ಚುವುದಿಲ್ಲವೆಂದು ಅವ್ವ ಕೂತಿದ್ದಳು.

ತಲೆಯ ಮೇಲಿನ ಬರಹ ಗಡಿಯಲ್ಲಿ ಬದಲಾದರೂ ಒಳಗಿನ ಮಾತು ಬದಲಾಗದ್ದು ಯಾವುದು? ಇದು ದೊರೆಯ ಮೊದಲ ಒಗಟು. ಮಂತ್ರಿಯ ಮಗ ಹಣೆಬರಹ ಎಂದ. ಅವನ ಹಣೆಬರಹ ಅಲ್ಲಿಗೆ ಮುಗಿಯಿತು.

"ಫೋನ್ ಕರೆ, ದೊರೆ," ಎಂದ ಕೊಟ್ರ. "ಯಾರಿಂದ, ಯಾರಿಗೆ, ಯಾವ ದಾರಿ ಅಂತ ಅದರ ತಲಿ ಮ್ಯಾಲೆ ಚೀಟಿ ಇರ್ತಾವು. ಆಚೆ ದೇಶದ ಪದ್ಧತಿಗೆ ತಕ್ಕಂಗ ಗಡಿಯಂತ್ರ ಚೀಟಿ ತಿದ್ದತೈತಿ. ಮಾತು ಮುಟ್ಟಂಗಿಲ್ಲ."

ಗಡಿ ದಾಟುವ ಲಕ್ಷ ಫೋನ್ ಸಂಖ್ಯೆಗಳನ್ನು, ಒಂದರ ಗುರುತೂ ಇಲ್ಲದೆ, ಆಚೆಯ ಪದ್ಧತಿಗೆ ತಿದ್ದುವುದು ಹೇಗೆ ಎಂಬುದು ಎರಡನೆಯದು. ಸೊನ್ನೆ ಕಂಡಲ್ಲೆಲ್ಲ ಅಳಿಸಿ ದೇಶದ ಗುರುತಿನ ಅಂಕಿ ಬರೆಯಿರಿ ಎಂದಿದ್ದ ಆಸ್ಥಾನ ಪಂಡಿತ. ಮಾಡಿ ನೋಡಿದರು. ನಡುವಿನ ಸೊನ್ನೆಗಳೂ ಅಳಿಸಿಹೋಗಿ, ಸೂಲಗಿತ್ತಿಗೆ ಮಾಡಿದ ಫೋನು ಸುಣ್ಣದ ಭಟ್ಟಿಗೆ ಹತ್ತಿತು. ಪಂಡಿತನೂ ಹೋದ. ಕೊಟ್ರ ಹೇಳಿದ್ದು ಇಷ್ಟೇ: ಸಂಖ್ಯೆ ನೋಡಬಾರದು, ಅಂಕಿಗಳು ಕೂತಿರುವ ಅಚ್ಚು ನೋಡಬೇಕು, ಮೊದಲಿಗಿರುವ ಸೊನ್ನೆಯನ್ನು ಮಾತ್ರ ತಿದ್ದು ಎಂದು ಒಂದೇ ನಿಯಮ ಬರೆದರೆ ಲಕ್ಷಕ್ಕೂ ಸಾಕು.

"ಮೂರನೆಯದರ ಉತ್ತರ ನನಗೂ ತಿಳಿಯದು," ಎಂದ ದೊರೆ. "ಮಗಳು ಕರೆದಾಗ ಇಲ್ಲಿಂದ ಉತ್ತರ ಹೊರಡುತ್ತದೆ, ಅವಳನ್ನು ಮುಟ್ಟುವುದಿಲ್ಲ. ನಡುವೆ ನುಂಗುವವರು ಯಾರು?"

ಕೊಟ್ರ ನೆಲ ನೋಡಿದ. "ನೀವೇ, ದೊರೆ."

ಮೂರು ತಿಂಗಳ ಹಿಂದೆ, ಗಡಿಯಲ್ಲಿ ಪ್ರತಿ ಚೀಟಿಯ ಮೇಲೂ ತನ್ನ ಹೆಸರೇ ಇರಬೇಕೆಂದು ದೊರೆ ಅಪ್ಪಣೆ ಮಾಡಿದ್ದ. ಉತ್ತರ ಹಿಂದಿರುಗಬೇಕಾದ ದಾರಿಯ ಚೀಟಿಯಲ್ಲೂ ಮಗಳ ಹೆಸರಿನ ಬದಲು ಅವನ ಹೆಸರೇ ಕೂತಿತು. ಮಗಳಿಗೆ ಹೊರಟ ಉತ್ತರ ತಿರುಗಿ ಸಿಂಹಾಸನಕ್ಕೇ ಬರುತ್ತಿತ್ತು. ಆ ಒಂದು ಚೀಟಿ ಮುಟ್ಟಬೇಡಿ ಎಂದು ಗುರುವ ದೊರೆಯ ಕಾಲು ಹಿಡಿದಿದ್ದ, ಮನೆಗೆ ಬಂದು ತಮ್ಮನ ಮುಂದೆ ಅತ್ತಿದ್ದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಮಹಾರಾಯ, ಉಂಡವನು ಗುರುವ.

ಅಪ್ಪಣೆ ಅಳಿಸಿದರು. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. "ಅಪ್ಪಾಜಿ, ನನ್ನ ಮಾತು ಕೇಳ್ತದೇನ್ರಿ?"

ದೊರೆ ಅತ್ತುಬಿಟ್ಟ. ಅಳುತ್ತಲೇ ಅರ್ಧ ರಾಜ್ಯದ ಪತ್ರ ನೀಡಿದ. ಕೊಟ್ರ ಕೈ ಚಾಚಲಿಲ್ಲ.

"ಅದು ನಿಮಗ ಇರ್ಲಿ. ನಮ್ಮಣ್ಣನ ತಲಿ ಇಳಿಸಿ ಕೊಡ್ರಿ."

ಇಳಿಸಿಕೊಟ್ಟರು. ಅದನ್ನು ಧೋತರದಲ್ಲಿ ಸುತ್ತಿ ಎದೆಗವಚಿಕೊಂಡು ಅವನು ಮನೆಗೆ ನಡೆದ. ಅವ್ವ ಹೊಸ್ತಿಲಲ್ಲೇ ಕೂತಿದ್ದಳು.

"ಗುರುವ ಬಂದನೇನಪಾ?"

"ಬಂದಾನವ್ವ."