ವಿಲಾಯಿತಿ ದೇವಿಗೆ ಗಿಣಿಯಂಚಿನ ಸೀರೆ

“ನಾಳಿನ ದರ್ಬಾರಿನೊಳಗೆ ಆ ಬೆತ್ತಲೆಯವಳ ಮೈಮೇಲೆ ಸೀರೆ ಬರಬೇಕು. ಇಲ್ಲದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡು!” ಅಂತ ದಿವಾನ ತಿಮ್ಮರಾಜಯ್ಯ ಚಿತ್ರಗಾರ ನಿಂಗೋಜಿಯ ಮೇಲೆ ಗುಡುಗಿಬಿಟ್ಟ.

ಬೆತ್ತಲೆಯವಳು ಅಂದರೆ ಒಂದು ಪಟ. ಹೊನ್ನಿಗನೂರಿನ ದೊರೆ ವಿಲಾಯಿತಿಯಿಂದ ತರಿಸಿ ಸಭೆಯ ಗೋಡೆಗೆ ಹಾಕಿಸಿದ್ದ. ಮಂಚದ ಮೇಲೆ ಒರಗಿದ ಹೆಂಗಸು, ಕಾಲ ಬಳಿ ರೆಕ್ಕೆಯ ಕೂಸು, ಮೈಮೇಲೆ ಒಂದು ನೂಲಿನೆಳೆಯಿಲ್ಲ. ದೊರೆಗೆ ಅದರ ಮೇಲೆ ಪ್ರಾಣ. ದಿವಾನನ ಮುಂದೆ ಹಾಗಂತ ಹೇಳಲು ಮಾತ್ರ ಬಾಯಿಲ್ಲ.

ನಿಂಗೋಜಿ ಆಸ್ಥಾನದ ಮಾತುಗಾರ ಬೊಮ್ಮರಸನ ಜಗಲಿಗೆ ಬಂದು ಕುಸಿದ.

“ಬಣ್ಣ ಬಳಿದರೆ ಪಟ ಕೆಡಿಸಿದೆ ಅಂತ ದೊರೆ ಕೈ ಕಡಿಸ್ತಾರೆ. ಬಳಿಯದಿದ್ದರೆ ದಿವಾನರು ಊರು ಬಿಡಿಸ್ತಾರೆ. ಎಲ್ಲಿ ಹೋಗಿ ಸಾಯಲಿ ಬುದ್ಧೀ?”

“ಆ ದೇಶದಲ್ಲೂ ಇದೇ ರಗಳೆಯಂತಲ್ಲೋ, ಪಟ ತಂದ ಪರಂಗಿಯವನೇ ಹೇಳಿದ. ಒಬ್ಬ ರಾಜ ಇಂಥವಳನ್ನ ಬರೆಸಿ, ಪ್ರೇಮದೇವತೆ ಅಂತ ಹೆಸರಿಟ್ಟು, ಮಲಗುವ ಕೋಣೆಯಲ್ಲಿ ಪರದೆ ಬಿಟ್ಟು ಇಟ್ಟುಕೊಂಡನಂತೆ. ದೇವತೆ ತಾನೇ ಅಂತ ಅವರ ಗುರುಗಳೂ ಬಂದು ಪರದೆ ಸರಿಸಿದರಂತೆ. ಆ ರಾಜನ ಮಗನಿಗೆ ನಾಚಿಕೆಯಾಗಿ ಮಾನ ಮುಚ್ಚೋಕೆ ಒಂದು ಎಲೆ ಬರೆಸಿದ. ಮೊಮ್ಮಗ ಎಲೆ ಕೆರೆಸಿದ.”

“ನನ್ನ ಗತಿ?”

“ಎಣ್ಣೆ ಬಣ್ಣ ಮುಟ್ಟಬೇಡ. ಗೋಂದಿನ ಬಣ್ಣ ಹಚ್ಚು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎದ್ದು ಬರಬೇಕು. ಈಗ ನಡಿ, ಎಂಥ ಸೀರೆ ಅಂತ ದಿವಾನರನ್ನೇ ಕೇಳೋಣ.”

ದಿವಾನ ಎದೆಯುಬ್ಬಿಸಿದ. “ಮರ್ಯಾದಸ್ಥರ ಸೀರೆ! ಈ ಊರಲ್ಲಿ ಮರ್ಯಾದೆ ಅಂದರೆ ನಮ್ಮನೆ. ನಮ್ಮವಳು ಉಡೋದನ್ನೇ ನೋಡಿ ಬರಿ!”

ದಿವಾನನ ಹೆಂಡತಿಯ ಸೀರೆ ಯಾರಿಗೆ ಗೊತ್ತಿಲ್ಲ? ನೇರಳೆ ಒಡಲು, ಗಿಣಿಸಾಲಿನ ಅಂಚು. ಅಂಥದ್ದನ್ನು ಬೇರೆ ಯಾರಿಗೂ ನೇಯಕೂಡದು ಅಂತ ನೇಕಾರರಿಗೆ ದಿವಾನನೇ ತಾಕೀತು ಮಾಡಿದ್ದ.

ಮರುದಿನ ಸಭೆ ತುಂಬಿತು. ಬೊಮ್ಮರಸ ಪಟದ ಮುಸುಕು ತೆಗೆದ.

ಹೆಂಗಸು ಅದೇ ಮಂಚದ ಮೇಲೆ ಹಾಗೇ ಒರಗಿದ್ದಳು, ಅದೇ ಕಳ್ಳನೋಟ, ಅದೇ ತೋಳು ತಲೆಯ ಮೇಲೆ. ಮೈಮೇಲೆ ಗಿಣಿಯಂಚಿನ ನೇರಳೆ ಸೀರೆ.

ಮೂಲೆಯಿಂದ ಯಾರೋ, “ಅಯ್ಯೋ, ಇದು ದಿವಾನರ ಮನೆಯೋರಲ್ಲವಾ?” ಅಂದರು. ಇಷ್ಟು ದಿನ ಆ ಪಟದ ಕಡೆ ತಲೆಯೆತ್ತದ ಮುದುಕರೆಲ್ಲ ಕತ್ತು ಚಾಚಿದರು. ಹೆಂಗಸರು ಕೂರುವ ಜಾಲಂಧ್ರದ ಹಿಂದೆ ಒಂದು ಜೊತೆ ಬಳೆ ಜೋರಾಗಿ ಸದ್ದು ಮಾಡಿ, ಎದ್ದು ಹೊರಟೇ ಹೋಯಿತು.

“ಬಿಚ್ಚಿಸಿ! ಆ ಸೀರೆ ಈಗಲೇ ಬಿಚ್ಚಿಸಿ!” ದಿವಾನ ಕಿರುಚಿದ.

“ಸಭೆಯಲ್ಲೇ?” ದೊರೆ ಕೇಳಿದ.

“ಸಭೆಯಲ್ಲೇ ಮಹಾಪ್ರಭು!”

ನಿಂಗೋಜಿ ಪಟದ ಮೇಲೆ ಒದ್ದೆ ಬಟ್ಟೆ ಎಳೆದ. ಗಿಣಿಗಳೆಲ್ಲ ಹಾರಿಹೋದವು. ದೇವಿ ಮೊದಲಿನಂತಾದಳು.

ಬೊಮ್ಮರಸ ಕೈಮುಗಿದ. “ತುಂಬಿದ ಸಭೆಯಲ್ಲಿ ಹೆಣ್ಣಿನ ಸೀರೆ ಸೆಳೆಸಿದೋರು ಹಿಂದೆಯೂ ಇದ್ದರು ಮಹಾಪ್ರಭು. ಆದರೆ ಅವರು ಸೆಳೆಸಿದ್ದು ಮಂದಿ ಮನೆಯವಳದು.”

ದೊರೆ ನಕ್ಕ ರಭಸಕ್ಕೆ ರುಮಾಲು ಬಿಚ್ಚಿಹೋಯಿತು. ತನ್ನ ಹೆಗಲ ಶಾಲನ್ನೇ ನಿಂಗೋಜಿಗೆ ಹೊದಿಸಿದ. ಆವತ್ತು ದಿವಾನನಿಗೆ ಮನೆಯಲ್ಲಿ ಊಟ ಸಿಕ್ಕಿತೇ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.