ಕೇರೆಹಾವು ಇಲಿ ತಿನ್ನಲು ಕಲಿತದ್ದು

ಭೂಮಿ ಇನ್ನೂ ಹೊಸದು. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ಹುಡುಕುತ್ತಿದ್ದ ಕಾಲ. ಆಗ ಮನುಷ್ಯರು ಬೆರಳೆಣಿಕೆಯಷ್ಟು. ದ್ಯಾವಕ್ಕನಿಗೆ ನೆರೆಮನೆ ಎಂದರೆ ಮೂರು ದಿನದ ದಾರಿ. ಕೆರೆಯ ದಡದಲ್ಲಿ ಅವಳದೊಂದು ಗುಡಿಸಲು, ಹಿಂದೆ ಒಂದು ರಾಗಿ ಕಣಜ, ಅಷ್ಟೇ. ಮಾತಿಗೆ ಯಾರೂ ಸಿಗದೆ ಅವಳು ಒಲೆಯ ಜೊತೆ ಜಗಳವಾಡುತ್ತಿದ್ದಳು. ಒಲೆ ಎದುರಾಡುತ್ತಿರಲಿಲ್ಲ. ಅದೇ ಅವಳಿಗೆ ದುಃಖ.

ಒಂದು ದಿನ ಕೇರೆಹಾವಿನ ಮರಿಯೊಂದು ಹೊಸ್ತಿಲ ಹತ್ತಿರ ಬಂತು.

"ಅವ್ವಾ, ಇಲ್ಲೇ ಇರ್ಲಾ?"

"ಇರು ಮಗಾ, ಇರು. ಅದನ್ನೂ ಕೇಳ್ಬೇಕಾ?" ಎಂದಳು ದ್ಯಾವಕ್ಕ. ಅವಳ ಕಣ್ಣು ತುಂಬಿ ಬಂತು.

ಅಂದಿನಿಂದ ಗುಡಿಸಲಿನಲ್ಲಿ ಇಬ್ಬರು. ಆಗ ಕೇರೆಗೆ ಕಪ್ಪೆ ಬಿಟ್ಟರೆ ಬೇರೆ ಊಟ ಗೊತ್ತಿರಲಿಲ್ಲ. ದ್ಯಾವಕ್ಕ ದಿನಾ ಕೆರೆಗಿಳಿದು ಕಪ್ಪೆ ಹಿಡಿದು ತಂದು ತನ್ನ ಕೈಯಿಂದಲೇ ತಿನ್ನಿಸುತ್ತಿದ್ದಳು. ತಿಂದ ಮೇಲೆ ಕೇರೆ ಅವಳ ಮಡಿಲಲ್ಲಿ ಸುರುಳಿ ಸುತ್ತಿಕೊಂಡು ಹರಟೆ ಹೊಡೆಯುತ್ತಿತ್ತು.

ಆಮೇಲೆ ಲೋಕಕ್ಕೆ ಮೊದಲನೇ ಬೇಸಿಗೆ ಬಂತು. ಕೆರೆ ಬತ್ತಿತು.

"ಕೆರೆಯವ್ವಾ, ನನ್ ಮಗೀಗೆ ಒಂದೇ ಒಂದು ಕಪ್ಪೆ ಕೊಡೇ."

"ಎಲ್ಲಾ ಕೆಸರಿನ ಆಳಕ್ಕೆ ಹೋಗಿ ಮಲಗವೆ ಕಣಕ್ಕ," ಎಂದಿತು ಕೆರೆ. "ಮಳೆ ಬರೋಗಂಟ ಏಳಾಕಿಲ್ಲ."

ದ್ಯಾವಕ್ಕ ಕಣಜದಲ್ಲಿ ಒಂದು ಇಲಿ ಹಿಡಿದು ತಂದಳು. ಕೇರೆ ಮುಖ ತಿರುಗಿಸಿತು. "ಇದು ಕಪ್ಪೆ ಅಲ್ಲ." ಮರುದಿನ ತಂದಳು. "ಇದು ಕಪ್ಪೆ ಅಲ್ಲ." ಅದರ ಮರುದಿನ ಕೇರೆಗೆ ಅಷ್ಟು ಹೇಳುವ ತ್ರಾಣವೂ ಇರಲಿಲ್ಲ. ಮತ್ತೆ ಒಬ್ಬಳೇ ಆಗಿಬಿಡುತ್ತೇನೆ ಎಂದು ದ್ಯಾವಕ್ಕ ಅದನ್ನು ಮಡಿಲಿಂದ ಇಳಿಸದೆ ಕೂತಳು.

ಆಗ ಗಾಳಿ ಹಾದುಹೋಗುತ್ತಾ ಹೇಳಿತು: "ಹಾವು ಊಟ ನೋಡಿ ತಿನ್ನಾಕಿಲ್ಲ ಕಣಕ್ಕ, ವಾಸನೆ ಹಿಡಿದು ತಿಂತದೆ."

ದ್ಯಾವಕ್ಕ ಓಡಿದಳು. ಆಳದ ಕಪ್ಪೆ ಕೈಗೆಟುಕಲಿಲ್ಲ; ಅದರ ವಾಸನೆ ಹಿಡಿದಿದ್ದ ಮೇಲಿನ ಕೆಸರು ತೋಡಿ ತಂದು ಇಲಿಗೆ ಬಳಿದಳು.

"ತಿನ್ನೋದಾದ್ರೆ ಇಲಿ ಅಂತ್ಲೇ ತಿನ್ಲಿ," ಎಂದು ಇಲಿ ಸಿಟ್ಟಾಯಿತು. "ಕಪ್ಪೆ ಹೆಸರಲ್ಲಿ ಸಾಯೋದು ನಮ್ಮ ವಂಶಕ್ಕೇ ಅವಮಾನ!"

ಅದರ ಮಾತು ಮುಗಿಯುವಷ್ಟರಲ್ಲಿ ಕೇರೆ ಅದನ್ನು ನುಂಗಿತ್ತು.

ಮರುದಿನ ಸ್ವಲ್ಪ ಕಡಿಮೆ ಕೆಸರು. ಅದರ ಮರುದಿನ ಇನ್ನೂ ಸ್ವಲ್ಪ ಕಡಿಮೆ. ಕೊನೆಗೆ ಕೆಸರೇ ಬೇಡವಾಯಿತು. ಕೇರೆ ಮೈ ತುಂಬಿಕೊಂಡು ಮಾರುದ್ದ ಬೆಳೆಯಿತು. ಇಲಿಯ ವಾಸನೆ ಬಂದರೆ ಸಾಕು, ಬಾಣದಂತೆ ನುಗ್ಗುತ್ತಿತ್ತು. ದ್ಯಾವಕ್ಕ ಹಿಗ್ಗಿಹೋದಳು. ಆ ಹಿಗ್ಗಿನಲ್ಲೇ ಅವಳೊಂದು ತಪ್ಪು ಮಾಡಿದಳು.

ಒಂದು ಬೆಳಗ್ಗೆ ಹಿಡಿದ ಇಲಿ ಅವಳ ಕೈಯಿಂದ ಜಾರಿ ಓಡಿತು. "ಹಾಳಾಗ್ ಹೋಗ್ಲಿ" ಎಂದು ಕೈ ತೊಳೆಯದೆ ಹಾಗೇ ಬಂದು ಕೇರೆಯ ತಲೆ ಸವರಲು ಆ ಕೈಯನ್ನೇ ಚಾಚಿದಳು. ಕೇರೆ ಫಕ್ಕನೆ ಕಚ್ಚಿತು.

ಬೆರಳಲ್ಲಿ ರಕ್ತ ಕಂಡು ಕೇರೆ ಹಿಂದೆ ಸರಿಯಿತು. "ಅವ್ವಾ, ಆ ಕೈ ನಿನ್ನದು ಅಂತ ಗೊತ್ತಾಗ್ಲಿಲ್ಲ."

"ಬರೀ ಗೀರು ಕಣೋ ಮಗಾ! ನಿನಗೇನು ವಿಷ ಇದ್ದದಾ? ಬಾ ಇಲ್ಲಿ."

"ನಾಳೆನೂ ಗೊತ್ತಾಗ್ದೆ ಹೋದ್ರೆ?" ಎಂದಿತು ಕೇರೆ. ಹಾಗೆಂದದ್ದೇ ಹೊಸ್ತಿಲು ದಾಟಿ ಹುಲ್ಲಿನೊಳಗೆ ಸರಿದುಹೋಯಿತು.

ದ್ಯಾವಕ್ಕ ಬೂದಿ ಹಾಕಿ ಕೈ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಬಾಗಿಲಲ್ಲಿ ಕೂತು ಕೈ ಚಾಚಿ ಕರೆದಳು. ಹಸಿವಾದಾಗ ಕೇರೆ ಕಣಜದ ಹತ್ತಿರ ಬರುತ್ತಿತ್ತು. ಇಲಿ ತಿನ್ನಲು ಅವಳೇ ಕಲಿಸಿದ್ದಳಲ್ಲ, ಈಗ ಅದಕ್ಕೆ ಅವಳ ಕೈಯ ಊಟ ಬೇಕಿರಲಿಲ್ಲ. ದೂರದಲ್ಲೇ ನಿಂತು ನಾಲಿಗೆ ಚಾಚಿ ವಾಸನೆ ನೋಡುತ್ತಿತ್ತು. ಇದು ಅವ್ವನ ಕೈಯೋ, ಇಲಿಯೋ? ಮತ್ತೆ ನೋಡುತ್ತಿತ್ತು. ಮತ್ತೆ ನೋಡುತ್ತಿತ್ತು. ನಂಬಿಕೆ ಸಾಲದೆ ತಿರುಗಿ ಹೋಗುತ್ತಿತ್ತು. ಸಾಯುವವರೆಗೂ ದ್ಯಾವಕ್ಕ ಕೈ ಚಾಚುವುದನ್ನು ಬಿಡಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ಕೇರೆಹಾವು ಇಲಿ ಹುಡುಕಿಕೊಂಡು ನಮ್ಮ ಮನೆಯ ಹಿತ್ತಲಿನವರೆಗೆ ಬರುತ್ತದೆ, ನಿನ್ನನ್ನು ಕಂಡರೆ ನಿಂತು ನಾಲಿಗೆಯನ್ನು ಮತ್ತೆ ಮತ್ತೆ ಹೊರಚಾಚುತ್ತದೆ, ಆಮೇಲೆ ಹತ್ತಿರ ಬಾರದೆ ಹೊರಟುಹೋಗುತ್ತದೆ.